ಡಬ್ಬಕ್ಕೆ ಬೀಳದ ಕಾಗದ

ಸಿನಿಮಾ ನೋಡಿ ಅಳುವ ಜಾತಿ ನನ್ನದಲ್ಲ. ಹೆಚ್ಚುಕಡಿಮೆ ಮೂವತ್ತು ವರ್ಷ ಮಕ್ಕಳಿಗೆ ಬೆಳಕಿನ ವಕ್ರೀಭವನ, ಓಮನ ನಿಯಮ ಎಂದು ಹೇಳಿಕೊಂಡು ಬಂದವನಿಗೆ ಪರದೆಯ ಮೇಲಿನ ಕಣ್ಣೀರು ಕಂಡರೆ ಮೊದಲು ನೆನಪಾಗುವುದು ಗ್ಲಿಸರಿನ್. ಮನೆಯವರೆಲ್ಲ ಮೂಗು ಒರೆಸಿಕೊಳ್ಳುವ ಹೊತ್ತಿಗೆ ನಾನು ಎದ್ದು, ಕಾಫಿಗೆ ಹಾಲು ಉಳಿದಿದೆಯೇ ಎಂದು ಅಡುಗೆಮನೆಗೆ ಹೋಗುತ್ತೇನೆ. ಅಂಥವನು ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಮಗಳ ಮನೆಯಲ್ಲಿ ಅವಳ ಕಂಪ್ಯೂಟರಿನ ಮುಂದೆ ಕುಳಿತು ಒಂದು ಚಿತ್ರ ನೋಡುತ್ತಿದ್ದಾಗ, ಅರ್ಧಕ್ಕೇ ಎದ್ದು ಬಾಲ್ಕನಿಗೆ ಹೋಗಿ ನಿಂತುಬಿಟ್ಟೆ.

"ಯಾಕಪ್ಪಾ, ಬೇಜಾರಾಯ್ತಾ? ನಿಲ್ಲಿಸ್ಲಾ?" ಎಂದಳು ಮಗಳು.

"ಏನಿಲ್ಲಮ್ಮ, ಸೆಕೆ" ಎಂದೆ. ಅದು ಸುಳ್ಳು. ಆ ಸುಳ್ಳಿನ ಹಿಂದೆ ಇನ್ನೊಂದು ಹಳೆಯ ಸುಳ್ಳು ಇತ್ತು. ಅದನ್ನೇ ಇವತ್ತು ಇಲ್ಲಿ ಹೇಳಹೊರಟಿದ್ದೇನೆ.

ಚಿತ್ರದ ಹೆಸರು 'ಸೆಂಟ್ರಲ್ ಸ್ಟೇಷನ್'. ಬ್ರೆಜಿಲ್ ದೇಶದ್ದು, ವಾಲ್ಟರ್ ಸಾಲೆಸ್ ಎಂಬುವರು ನಿರ್ದೇಶಿಸಿದ್ದು. 1998ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಕರಡಿಯನ್ನು ಪಡೆದ ಚಿತ್ರ. ಅದರಲ್ಲಿ ಡೋರಾ ಎಂಬೊಬ್ಬಳು ಹೆಂಗಸು. ಒಂದು ಕಾಲದಲ್ಲಿ ಶಾಲೆಯಲ್ಲಿ ಟೀಚರಾಗಿದ್ದವಳು. ಈಗ ರಿಯೊ ಡಿ ಜನೈರೊ ನಗರದ ದೊಡ್ಡ ರೈಲು ನಿಲ್ದಾಣದಲ್ಲಿ ಒಂದು ಪುಟ್ಟ ಮೇಜು ಹಾಕಿಕೊಂಡು, ಓದುಬರಹ ಬಾರದವರಿಗೆ ಕಾಗದ ಬರೆದುಕೊಟ್ಟು ಹೊಟ್ಟೆ ಹೊರೆಯುತ್ತಾಳೆ. ಜನ ಬಂದು ಕೂರುತ್ತಾರೆ, ಬಿಟ್ಟುಹೋದ ಗಂಡನಿಗೆ, ದೂರದಲ್ಲಿರುವ ಮಗನಿಗೆ, ಪ್ರೀತಿಸಿದ ಹುಡುಗಿಗೆ ಹೇಳಬೇಕಾದ್ದನ್ನೆಲ್ಲ ಈ ಗುರುತಿಲ್ಲದ ಹೆಂಗಸಿನ ಮುಂದೆ ಹೇಳುತ್ತಾರೆ. ಬರೆಯಲಿಕ್ಕೂ ಅಂಚೆಗೆ ಹಾಕಲಿಕ್ಕೂ ಸೇರಿಸಿ ದುಡ್ಡು ಕೊಟ್ಟು ಹೋಗುತ್ತಾರೆ. ಡೋರಾ ಆ ಕಾಗದಗಳನ್ನು ಮನೆಗೆ ಒಯ್ದು, ನೆರೆಮನೆಯ ಗೆಳತಿಯ ಜೊತೆ ಕುಳಿತು ಓದಿ ನಗುತ್ತಾಳೆ. ಕೆಲವನ್ನು ಹರಿದು ಹಾಕುತ್ತಾಳೆ, ಕೆಲವನ್ನು ಡ್ರಾಯರಿನಲ್ಲಿ ತುರುಕುತ್ತಾಳೆ. ಅಂಚೆಗೆ ಮಾತ್ರ ಹಾಕುವುದಿಲ್ಲ.

ಅವಳು ಡ್ರಾಯರು ಮುಚ್ಚಿದ ಆ ಗಳಿಗೆಯಲ್ಲೇ ನಾನು ಬಾಲ್ಕನಿಗೆ ಎದ್ದು ಹೋದದ್ದು. ನನಗೆ ಆಗ ಕಂಡದ್ದು ರಿಯೊ ಅಲ್ಲ, ನಮ್ಮ ನಿಟ್ಟೂರು.

ನಿಟ್ಟೂರು ಗುಬ್ಬಿ ತಾಲ್ಲೂಕಿನ ಊರು. ಹೆದ್ದಾರಿಯಲ್ಲಿ ತುಮಕೂರಿನಿಂದ ತಿಪಟೂರಿನ ಕಡೆಗೆ ಬಸ್ಸಿನಲ್ಲಿ ಹೋದವರು ಇದನ್ನು ದಾಟಿಯೇ ಹೋಗಿರುತ್ತಾರೆ. ಇತಿಹಾಸದ ಗೀಳಿರುವವರು ಇಲ್ಲಿರುವ ಹೊಯ್ಸಳರ ಕಾಲದ ಬಸದಿಯನ್ನು ನೋಡಲು ಇಳಿಯುವುದುಂಟು. ರೈಲಿನಲ್ಲಾದರೆ ಗುಬ್ಬಿಯಾದ ಮೇಲೆ ನಿಟ್ಟೂರು, ಆಮೇಲೆ ಸಂಪಿಗೆ ರೋಡ್, ಅಮ್ಮಸಂದ್ರ, ಹಾಗೇ ಅರಸೀಕೆರೆ ತನಕ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಆ ಸೀಮೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಮನೆ ತುಮಕೂರಿನಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಪ್ಯಾಸೆಂಜರ್ ಗಾಡಿ. ಗಾಡಿ ಬರುವ ಹೊತ್ತಿಗೆ ಬರುವುದೆಂದು ಯಾರೂ ನಂಬಿರಲಿಲ್ಲವಾದ್ದರಿಂದ, ನಿಟ್ಟೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ನನ್ನ ಆಯುಷ್ಯದ ಎಷ್ಟೋ ಗಂಟೆ ಕಳೆದಿದೆ. ಪ್ರಯೋಗದ ರೆಕಾರ್ಡು ಪುಸ್ತಕಗಳನ್ನು ತಿದ್ದುತ್ತಿದ್ದದ್ದೂ ಅಲ್ಲೇ.

ಅಪರಿಚಿತರನ್ನು ಒಂದು ಕಡೆ ಕೂಡಿಸಬೇಕಾದರೆ ಕಥೆಗಾರನಿಗೆ ರೈಲು ನಿಲ್ದಾಣಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಆರ್.ಕೆ. ನಾರಾಯಣರ ಮನಸ್ಸಿನಲ್ಲಿ 1930ರ ವಿಜಯದಶಮಿಯ ದಿನ ಮಾಲ್ಗುಡಿ ಹುಟ್ಟಿದ್ದು ಮೊದಲು ಒಂದು ರೈಲು ನಿಲ್ದಾಣವಾಗಿ, ಊರು ಬೆಳೆದದ್ದು ಆಮೇಲೆ. ಶಂಕರ್‌ನಾಗ್ ಆ ಕಥೆಗಳನ್ನು ದೂರದರ್ಶನಕ್ಕೆ ತಂದಾಗ ಶಿವಮೊಗ್ಗ ಜಿಲ್ಲೆಯ ಅರಸಾಳು ಎಂಬ ಸಣ್ಣ ನಿಲ್ದಾಣವೇ ಮಾಲ್ಗುಡಿಯ ಸ್ಟೇಷನ್ನಾಯಿತು. 2020ರಲ್ಲಿ ಅಲ್ಲಿಯ ಹಳೆಯ ಕಟ್ಟಡವನ್ನು ಮಾಲ್ಗುಡಿ ಹೆಸರಿನ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಮನೆ ಬಿಟ್ಟು ಓಡಿಬಂದು ನಿಲ್ದಾಣದಲ್ಲೇ ಬದುಕುವ ಹುಡುಗರನ್ನು ಕುರಿತು ಪೃಥ್ವಿ ಕೊಣನೂರು ಅವರು 2016ರಲ್ಲಿ 'ರೈಲ್ವೆ ಚಿಲ್ಡ್ರನ್' ಎಂಬ ಕನ್ನಡ ಚಿತ್ರ ಮಾಡಿದರು. ಅದರಲ್ಲಿ ನಟಿಸಿದ ಹುಡುಗ ಮನೋಹರನಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಕಥೆ ಯಾವುದೇ ಆಗಲಿ, ನಿಲ್ದಾಣದಲ್ಲಿ ಸೇರಿದವರಿಗೆ ಒಬ್ಬರ ಹಿಂದುಮುಂದು ಒಬ್ಬರಿಗೆ ಗೊತ್ತಿರುವುದಿಲ್ಲ. ಅದೇ ಕಾರಣಕ್ಕೆ ಕೆಲವು ಮಾತುಗಳನ್ನು ಅಲ್ಲಿ ಮಾತ್ರ ಹೇಳಲಾಗುತ್ತದೆ.

ನಿಟ್ಟೂರು ಸ್ಟೇಷನ್ನಿನಲ್ಲಿ ಆಗ ನನಗೆ ಬಹಳ ಹಿಡಿಸುತ್ತಿದ್ದ ವಸ್ತು ಟೋಕನ್. ಒಂಟಿ ಹಳಿಯ ದಾರಿಯಲ್ಲಿ ಎದುರುಬದುರು ಗಾಡಿ ಬರದಂತೆ ನೋಡಿಕೊಳ್ಳಬೇಕಲ್ಲ, ಅದಕ್ಕೆ ಮಾಡಿದ ಏರ್ಪಾಡು. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರ, ನಡುವೆ ವಿದ್ಯುತ್ ಸಂಪರ್ಕ. ಆ ಕಡೆಯವರು ಒಪ್ಪಿದರೆ ಮಾತ್ರ ಈ ಕಡೆಯ ಯಂತ್ರದಿಂದ ಒಂದು ಲೋಹದ ಚೆಂಡು ಹೊರಗೆ ಬರುತ್ತದೆ. ಚೆಂಡನ್ನು ಚರ್ಮದ ಚೀಲದಲ್ಲಿಟ್ಟು, ದೊಡ್ಡ ಬಳೆಯಂಥ ಹಿಡಿಕೆ ಕಟ್ಟಿ ಡ್ರೈವರಿನ ಕೈಗೆ ಕೊಡುತ್ತಾರೆ. ನಿಲ್ಲದ ಗಾಡಿಯಾದರೆ ಪಾಯಿಂಟ್ಸ್‌ಮನ್ ಪ್ಲಾಟ್‌ಫಾರಂ ಅಂಚಿನಲ್ಲಿ ಅದನ್ನು ಎತ್ತಿ ಹಿಡಿದು ನಿಲ್ಲುತ್ತಿದ್ದ, ಎಂಜಿನ್ನಿನವರು ತೋಳು ತೂರಿಸಿ ಎಳೆದುಕೊಳ್ಳುತ್ತಿದ್ದರು. ಮುಂದಿನ ನಿಲ್ದಾಣದಲ್ಲಿ ಆ ಚೆಂಡನ್ನು ಯಂತ್ರಕ್ಕೆ ಹಾಕುವ ತನಕ ಎರಡು ಕಡೆಯಿಂದಲೂ ಇನ್ನೊಂದು ಚೆಂಡು ಬರುವುದಿಲ್ಲ, ಇನ್ನೊಂದು ಗಾಡಿ ಹೊರಡುವುದಿಲ್ಲ. ಒಂಬತ್ತನೇ ತರಗತಿಯ ಮಕ್ಕಳಿಗೆ ವಿದ್ಯುತ್ಕಾಂತ ಪಾಠ ಮಾಡುವಾಗ ನಾನು ಇದನ್ನೇ ಉದಾಹರಣೆ ಕೊಡುತ್ತಿದ್ದೆ. "ಒಬ್ಬನ ಕೈಗೆ ಕೊಟ್ಟ ವಸ್ತು ಸೇರಬೇಕಾದ ಕಡೆ ಸೇರಲಿಲ್ಲ ಅಂದ್ರೆ ಎರಡು ಊರಲ್ಲೂ ಜನ ಕಾಯ್ತಾ ಕೂತಿರ್ತಾರೆ ಕಣ್ರೋ" ಎಂದು ದೊಡ್ಡ ಮನುಷ್ಯನಂತೆ ಹೇಳುತ್ತಿದ್ದೆ.

1998ರ ಜೂನ್ ಮೊದಲ ವಾರ. ಶಾಲೆ ಆಗಷ್ಟೇ ತೆರೆದಿತ್ತು. ಸಂಜೆ ಬೆಂಚಿನ ಮೇಲೆ ಕುಳಿತಿದ್ದಾಗ ಅರವತ್ತು ದಾಟಿದ ಒಬ್ಬ ಅಜ್ಜಿ ಹತ್ತಿರ ಬಂದು ನಿಂತಿತು. ಸೆರಗಿನ ತುದಿಯಲ್ಲಿ ಮಡಿಸಿಟ್ಟ ಒಂದು ಇನ್‌ಲ್ಯಾಂಡ್ ಕಾಗದ.

"ನೀನು ಮೇಷ್ಟ್ರಲ್ವೇನಪ್ಪ? ಒಸಿ ಒಂದು ಕಾಗ್ದ ಬರ್ಕೊಡ್ತೀಯಾ?"

"ಊರಲ್ಲಿ ಬರೆಯೋರು ಯಾರೂ ಇಲ್ವಾ ಅಜ್ಜಿ?"

"ಅವ್ರೆ, ಇಲ್ದೇ ಏನು. ಅವ್ರ ಕೈಲಿ ಬರ್ಸುದ್ರೆ ಊರಿಗೆಲ್ಲ ಗೊತ್ತಾಗ್ತದೆ ಕಣಪ್ಪ. ನೀನಾದ್ರೆ ರೈಲತ್ತಿ ಒಂಟೋಗ್ತೀಯ."

ಮಗ ಹುಬ್ಬಳ್ಳಿಯ ಯಾವುದೋ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ಎರಡು ವರ್ಷದಿಂದ ಊರಿಗೆ ಬಂದಿಲ್ಲ. ಹೋಗುವಾಗ ಸಾಲದ ವಿಷಯಕ್ಕೆ ಮಾತು ಬೆಳೆಸಿಕೊಂಡು ಹೋದವನು. ಈಗ ಮಗಳಿಗೆ ಗಂಡು ಗೊತ್ತಾಗಿದೆ, ಆಷಾಢ ಬರುವುದರೊಳಗೆ ಮದುವೆ. ಅಜ್ಜಿ ಹೇಳಿತು, ನಾನು ಬರೆದೆ. ತಂಗಿಯ ಮದುವೆ ಇಂಥ ದಿನ, ಅಪ್ಪ ಇಲ್ಲದ ಮನೆ, ನೀನೇ ನಿಂತು ಧಾರೆ ಎರೆದುಕೊಡಬೇಕು. ಬರೆಯುವುದೆಲ್ಲ ಮುಗಿಯಿತೆಂದು ಮಡಿಸಲು ಹೊರಟಾಗ ಅಜ್ಜಿ ನನ್ನ ಕೈ ತಡೆಯಿತು. "ಇನ್ನೊಂದು ಬರಿಯಪ್ಪ. ದುಡ್ಡು ತರ್ದಿದ್ರೂ ಪರ್ವಾಗಿಲ್ಲ, ನೀನು ಬಾ ಅಂತ ಬರಿ." ಅದನ್ನು ಕೊನೆಗೆ, ಅಂಚಿನಲ್ಲಿ ಉಳಿದ ಜಾಗದಲ್ಲಿ ಬರೆದೆ. ಚೀಟಿಯಲ್ಲಿದ್ದ ವಿಳಾಸವನ್ನು ಹೊರಗೆ ನಕಲು ಮಾಡಿದೆ.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕಾಗದವನ್ನು ಅಜ್ಜಿಯ ಕೈಗೆ ಕೊಟ್ಟಿದ್ದರೆ ಅದು ನಿಟ್ಟೂರಿನ ಅಂಚೆ ಡಬ್ಬಕ್ಕೆ ಬಿದ್ದು ತನ್ನ ಪಾಡಿಗೆ ತಾನು ಹುಬ್ಬಳ್ಳಿ ಸೇರುತ್ತಿತ್ತು. ನಾನೇ ಮುಂದಾಗಿ, "ಕೊಡಿ ಅಜ್ಜಿ, ತುಮಕೂರು ಸ್ಟೇಷನ್ನಲ್ಲಿ ಹಾಕ್ತೀನಿ. ಒಂದು ದಿನ ಮೊದಲೇ ಸೇರುತ್ತೆ" ಎಂದೆ. ಯಾರೂ ಕೇಳದ ಉಪಕಾರ. ಗಾಡಿ ಬಂತು. ಅಜ್ಜಿ ಕೈಮುಗಿಯಿತು. ಕಾಗದವನ್ನು ಚೀಲದ ಹಿಂದಿನ ಜೇಬಿಗೆ ಸೇರಿಸಿ ಹತ್ತಿದೆ.

ತುಮಕೂರಿನಲ್ಲಿ ಇಳಿದಾಗ ಧಾರಾಕಾರ ಮಳೆ. ಎಲ್ಲರ ಜೊತೆ ನಾನೂ ತಲೆಯ ಮೇಲೆ ಚೀಲ ಹಿಡಿದು ಓಡಿದೆ. ಕೆಂಪು ಡಬ್ಬದ ಮುಂದೆಯೇ ಓಡಿರಬೇಕು. ಮರುದಿನ ನೆನಪಾಗಲಿಲ್ಲ, ಅದರ ಮರುದಿನವೂ ಇಲ್ಲ. ಮಳೆಗೆ ನೆನೆದ ಆ ಚೀಲವನ್ನು ಒಣಗಹಾಕಿ ಬೇರೆ ಚೀಲ ಹಿಡಿದುಕೊಂಡು ಹೋಗಿದ್ದೆ. ಆಮೇಲೆ ಅದೇ ರೂಢಿಯಾಯಿತು.

ಕಾಗದ ಸಿಕ್ಕಿದ್ದು ಆಯುಧಪೂಜೆಯ ಹಿಂದಿನ ದಿನ, ಮನೆ ಗುಡಿಸಿ ಒರೆಸುವಾಗ. ಚೀಲ ಕೊಡವಿದಾಗ ನೆಲಕ್ಕೆ ಬಿತ್ತು. ಮದುವೆಯ ದಿನ ಕಳೆದು ಮೂರು ತಿಂಗಳಾಗಿತ್ತು. ನನಗೆ ಮೊದಲು ಬಂದ ಯೋಚನೆ ಅಜ್ಜಿಯದಲ್ಲ, ನನ್ನದು. ಇನ್ನು ನಿಟ್ಟೂರು ಸ್ಟೇಷನ್ನಿನಲ್ಲಿ ಅಜ್ಜಿ ಸಿಕ್ಕರೆ ಏನು ಹೇಳುವುದು? ಮರುವಾರದಿಂದ ಸಂಜೆಯೂ ಬಸ್ಸಿಗೇ ಹೋಗತೊಡಗಿದೆ. "ರೈಲು ಲೇಟು ಮಾಡ್ತದೆ" ಎಂದು ಸಹೋದ್ಯೋಗಿಗಳಿಗೆ ಹೇಳಿದೆ. ರೈಲು ಎಂದೂ ಹೊತ್ತಿಗೆ ಸರಿಯಾಗಿ ಬಂದದ್ದಿರಲಿಲ್ಲ. ಓಡಿಹೋಗುತ್ತಿದ್ದವನು ನಾನು.

ಎಷ್ಟು ದಿನ ತಪ್ಪಿಸಿಕೊಳ್ಳಲಾದೀತು? ಅವರೆಕಾಯಿ ಕಾಲದಲ್ಲಿ, ಬಸ್ಸು ಸಿಗದ ಒಂದು ಸಂಜೆ ಸ್ಟೇಷನ್ನಿಗೆ ಹೋದೆ. ಅಜ್ಜಿ ಅಲ್ಲೇ ಇತ್ತು. ಪಕ್ಕದಲ್ಲಿ ಅವರೆಕಾಯಿಯ ಚೀಲ.

"ಬಂದ್ಯಾ ಮೇಷ್ಟ್ರೇ? ಎಷ್ಟು ದಿನ ನೋಡ್ದೆ ನಿನ್ನ. ಅವತ್ತು ಆ ಕಾಗ್ದ ಆಕುದ್ಯೇನಪ್ಪ?"

ಓದುಗರು ನನ್ನನ್ನು ಕ್ಷಮಿಸಬೇಕಾಗಿಲ್ಲ. "ಹಾಕಿದ್ದೆ ಅಜ್ಜಿ, ಅವತ್ತೇ ಹಾಕಿದ್ದೆ" ಎಂದೆ.

ಅಜ್ಜಿ ಸ್ವಲ್ಪ ಹೊತ್ತು ಹಳಿಯ ಕಡೆ ನೋಡಿತು. "ಅಂಗಾದ್ರೆ ಅವನೇ ಬರ್ಲಿಲ್ಲ" ಎಂದಿತು. "ಕಾಗ್ದ ಸೇರ್ನಿಲ್ವೇನೋ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಓಗ್ಲಿ ಬಿಡು."

ನಂತರ ಚೀಲಕ್ಕೆ ಕೈ ಹಾಕಿ ಎರಡು ಬೊಗಸೆ ಅವರೆಕಾಯಿ ತೆಗೆದು ನನ್ನ ಚೀಲಕ್ಕೆ ತುಂಬಿತು. "ಬರ್ದು ಕೊಟ್ಟೆ, ಆಕುದೆ. ನಿನ್ನ ತಾಯಿ ಒಟ್ಟೆ ತಣ್ಣಗಿರ್ಲಿ" ಎಂದಿತು. ನಾನು ಬೇಡವೆನ್ನಲಿಲ್ಲ. ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಮರೆವು ಯಾರಿಗೂ ಬರುವಂಥದ್ದು. ಅದನ್ನು ಒಪ್ಪಿಕೊಂಡಿದ್ದರೆ ಅಜ್ಜಿ ನಾಲ್ಕು ಮಾತು ಬೈದು, ಇನ್ನೊಂದು ಕಾಗದ ಬರೆಸಿ, ಡಬ್ಬಕ್ಕೆ ತಾನೇ ಹಾಕುತ್ತಿತ್ತು. ನನ್ನ ಮಾನ ಉಳಿಸಿಕೊಳ್ಳಲು ಆಡಿದ ಎರಡು ಮಾತಿನಿಂದ, ಏನೂ ಅರಿಯದ ಒಬ್ಬ ಹುಡುಗ ತಾಯಿಯ ಕಣ್ಣಿನಲ್ಲಿ ತಪ್ಪಿತಸ್ಥನಾದ. ಕಾಗದ ಸೇರಲಿಲ್ಲವೇನೋ ಎಂಬ ಅನುಮಾನದಲ್ಲಿ ಅವನಿಗೆ ಮನೆಯಲ್ಲಿ ಒಂದು ಜಾಗ ಉಳಿದಿತ್ತು. ಅದನ್ನೂ ನಾನು ತೆಗೆದುಬಿಟ್ಟೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕುಳಿತು ಹುಬ್ಬಳ್ಳಿಯ ವಿಳಾಸಕ್ಕೆ ನಾನೇ ಒಂದು ಕಾಗದ ಬರೆದೆ. ನಡೆದದ್ದನ್ನೆಲ್ಲ ಬರೆದು, ತಪ್ಪು ನನ್ನದು, ನಿಮ್ಮ ತಾಯಿ ದಾರಿ ಕಾಯುತ್ತಿದ್ದಾರೆ, ಬನ್ನಿ ಎಂದು ಕೇಳಿಕೊಂಡೆ. ಬೆಳಿಗ್ಗೆ ಆರಕ್ಕೇ ಹೋಗಿ ಡಬ್ಬಕ್ಕೆ ಹಾಕಿದೆ. ಹದಿನೈದು ದಿನಕ್ಕೆ ಅದು ವಾಪಸು ಬಂತು, ಆ ಹೆಸರಿನವರು ಈ ವಿಳಾಸದಲ್ಲಿ ಇಲ್ಲವೆಂದು ಷರಾ ಹೊತ್ತು. ಹೋಟೆಲಿನ ಹುಡುಗರು ಒಂದೇ ಕಡೆ ಎಷ್ಟು ದಿನ ಇರುತ್ತಾರೆ? ಜೂನ್ ತಿಂಗಳಲ್ಲಿ ಅಲ್ಲೇ ಇದ್ದನೋ ಏನೋ. ಅಜ್ಜಿಗೆ ನಿಜ ಹೇಳಿಬಿಡಬೇಕೆಂದು ದಿನವೂ ಸ್ಟೇಷನ್ನಿಗೆ ಹೋದೆ. ಆದರೆ ಅಜ್ಜಿ ಮತ್ತೆ ಸಿಗಲಿಲ್ಲ. ನಾನು ಊರು ಕೇಳಿರಲಿಲ್ಲ, ಹೆಸರೂ ಕೇಳಿರಲಿಲ್ಲ. ಮುಂದಿನ ವರ್ಷ ನನಗೆ ಬೇರೆ ಊರಿಗೆ ವರ್ಗವಾಯಿತು.

ಬಾಲ್ಕನಿಯಿಂದ ಒಳಗೆ ಬಂದು ಉಳಿದ ಚಿತ್ರವನ್ನು ನೋಡಿದೆ. ಡೋರಾಳ ಮೇಜಿಗೆ ಒಬ್ಬಳು ತಾಯಿ ಒಂಬತ್ತು ವರ್ಷದ ಮಗ ಜೋಸುಯೆಯನ್ನು ಕರೆದುಕೊಂಡು ಬಂದು, ಹುಡುಗ ಕಂಡೇ ಇಲ್ಲದ ಅಪ್ಪನಿಗೆ ಕಾಗದ ಬರೆಸುತ್ತಾಳೆ. ನಿಲ್ದಾಣದ ಹೊರಗೆ ಬಸ್ಸಿಗೆ ಸಿಕ್ಕಿ ಆ ತಾಯಿ ಸಾಯುತ್ತಾಳೆ. ನಿಲ್ದಾಣದಲ್ಲಿ ಒಂಟಿಯಾದ ಹುಡುಗನನ್ನು ಡೋರಾ ಮೊದಲು ದುಡ್ಡಿಗೆ ಮಾರುತ್ತಾಳೆ, ಆ ದುಡ್ಡಿನಲ್ಲಿ ಹೊಸ ಟಿ.ವಿ. ಕೊಳ್ಳುತ್ತಾಳೆ. ಮನಸ್ಸು ಚುಚ್ಚಿ, ಅಪಾಯ ಲೆಕ್ಕಿಸದೆ ಅವನನ್ನು ಬಿಡಿಸಿಕೊಂಡು ಬಂದು, ಅಪ್ಪನನ್ನು ಹುಡುಕಲು ದೇಶದ ಇನ್ನೊಂದು ತುದಿಗೆ ಹೊರಡುತ್ತಾಳೆ. ಡೋರಾ ಪಾತ್ರ ಮಾಡಿದ ಫರ್ನಾಂಡಾ ಮಾಂಟೆನೆಗ್ರೊ ಆಸ್ಕರ್ ಪ್ರಶಸ್ತಿಯ ಸುತ್ತಿನ ತನಕ ಹೋದ ದೊಡ್ಡ ನಟಿ. ಹುಡುಗನಾದವನು ರಿಯೊದ ವಿಮಾನ ನಿಲ್ದಾಣದಲ್ಲಿ ಬೂಟು ಪಾಲಿಷ್ ಮಾಡುತ್ತಿದ್ದ ನಿಜವಾದ ಹುಡುಗ. ನಿರ್ದೇಶಕರ ಕಣ್ಣಿಗೆ ಅವನು ಬಿದ್ದದ್ದೂ ಹೀಗೇ, ದಾರಿಹೋಕರ ನಡುವೆ.

ಕೊನೆಗೆ ಅಪ್ಪ ಸಿಗುವುದಿಲ್ಲ, ಅಣ್ಣಂದಿರಿಬ್ಬರು ಸಿಗುತ್ತಾರೆ. ಅಪ್ಪ ಬರೆಸಿದ ಒಂದು ಕಾಗದ ಮನೆಯಲ್ಲಿದೆ, ಓದಲು ಅವರಿಗೆ ಬಾರದು. ಡೋರಾ ಓದುತ್ತಾಳೆ. ಅಪ್ಪ ನೋಡಬೇಕೆಂದು ಹಂಬಲಿಸಿದ ಮಕ್ಕಳ ಹೆಸರುಗಳ ಜೊತೆಗೆ ಅವಳು ಕಾಗದದಲ್ಲಿ ಇಲ್ಲದ ಇನ್ನೊಂದು ಹೆಸರನ್ನು ಸೇರಿಸಿ ಓದುತ್ತಾಳೆ, ಜೋಸುಯೆ ಎಂದು. ಹುಡುಗನ ಮುಖ ಅರಳುತ್ತದೆ. ಮರುದಿನ ನಸುಕಿನಲ್ಲಿ ಅವಳು ಯಾರಿಗೂ ಹೇಳದೆ ಬಸ್ಸು ಹತ್ತುತ್ತಾಳೆ.

ಆಗ ಮಾತ್ರ ನನ್ನ ಕಣ್ಣು ಒದ್ದೆಯಾಯಿತು. ಅವಳು ಆಡಿದ್ದೂ ಸುಳ್ಳೇ, ನಾನು ಆಡಿದ್ದೂ ಸುಳ್ಳೇ. ಅವಳ ಸುಳ್ಳಿನಿಂದ ಒಬ್ಬ ಮಗ ಮನೆಯೊಳಗೆ ಬಂದ, ನನ್ನದರಿಂದ ಒಬ್ಬ ಮಗ ಹೊರಗಾದ. ಮಗಳಿಗೆ ಅವತ್ತು ರಾತ್ರಿ ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಆ ಕಾಗದ ಎಲ್ಲಿದೆ ಅಪ್ಪಾ?" ಎಂದಳು.

"ಬೀರುವಿನಲ್ಲಿದೆ" ಎಂದೆ.

ಈಗ ಕಾಗದ ಬರೆಸುವವರು ಯಾರೂ ಇಲ್ಲ. ತಂತಿ 2013ರ ಜುಲೈನಲ್ಲಿ ನಿಂತುಹೋಯಿತು. ಎಲ್ಲರ ಕೈಯಲ್ಲೂ ಫೋನು. ಆದರೂ ನಿಲ್ದಾಣದಲ್ಲಿ ಗುರುತಿಲ್ಲದವರನ್ನು ಕೇಳುವುದು ತಪ್ಪಿಲ್ಲ. "ಇದ್ರಲ್ಲಿ ಏನು ಬಂದದೆ ಓದಪ್ಪ", "ಈ ನಂಬರು ಒತ್ಕೊಡಪ್ಪ" ಎಂದು ಫೋನನ್ನೇ ಕೈಗೆ ಕೊಡುತ್ತಾರೆ.

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯ ಗೃಹಪ್ರವೇಶಕ್ಕೆ ನಿಟ್ಟೂರಿಗೆ ಹೋಗಿದ್ದೆ. ವಾಪಸು ಬರುವಾಗ ಬೇಕೆಂದೇ ಸ್ಟೇಷನ್ನಿಗೆ ಹೋದೆ. ಟೋಕನ್ನಿನ ಬಳೆ ಎತ್ತಿ ಹಿಡಿಯುವವರು ಈಗ ಇಲ್ಲ. ಹಳಿಯ ಮೇಲೆ ವಿದ್ಯುತ್ ತಂತಿ ಬಂದಿದೆ. 2023ರಲ್ಲಿ ಶುರುವಾದ ಧಾರವಾಡದ ವಂದೇ ಭಾರತ್ ಗಾಡಿ ನಿಲ್ಲದೆ ಬೀಸಿಕೊಂಡು ಬೆಂಗಳೂರಿನ ಕಡೆ ಹೋಯಿತು. ಬೆಂಚಿನ ಮೇಲೆ ಒಬ್ಬ ಹೆಂಗಸು, ಕೈಯಲ್ಲಿ ಸಣ್ಣ ಫೋನು. ಬೆಂಗಳೂರಿನಿಂದ ಬರಬೇಕಾದ ಮೊಮ್ಮಗ ಬಂದ ಗಾಡಿಯಲ್ಲಿ ಇಳಿದಿಲ್ಲ, ಇವರ ಫೋನಿನಲ್ಲಿ ದುಡ್ಡು ಮುಗಿದಿದೆ. ನನ್ನ ಫೋನಿನಿಂದ ಮಾಡಿದೆ. ಗಂಟೆ ಬಾರಿಸಿತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಅಷ್ಟರಲ್ಲಿ ತುಮಕೂರಿಗೆ ಹೋಗುವ ನನ್ನ ಗಾಡಿ ಬಂತು.

"ನೀವು ಓಗಿ ಸಾಮಿ, ಗಾಡಿ ಬಂತು" ಎಂದರು ಆಕೆ.

"ಇರ್ಲಿ ಬಿಡಿ ತಾಯಿ" ಎಂದೆ.

ಗಾಡಿ ಹೋಯಿತು. ಐದನೆಯ ಸಲಕ್ಕೆ ಹುಡುಗ ಸಿಕ್ಕಿದ. ನಿದ್ದೆ ಹೊಡೆದು ನಿಟ್ಟೂರು ದಾಟಿ ಅಮ್ಮಸಂದ್ರಕ್ಕೆ ಹೋಗಿ ಇಳಿದಿದ್ದನಂತೆ, ಬಸ್ಸು ಹುಡುಕುತ್ತಿದ್ದನಂತೆ. ಫೋನನ್ನು ಅಜ್ಜಿಯ ಕಿವಿಗೆ ಹಿಡಿದೆ. ಚೆನ್ನಾಗಿ ಬೈದರು. ಬೈದು ಮುಗಿದ ಮೇಲೆ, "ಉಂಡಿದ್ದೀಯೇನ್ಲಾ?" ಎಂದರು.

ನಾನು ಹೆದ್ದಾರಿಯವರೆಗೆ ನಡೆದು ಬಸ್ಸು ಹಿಡಿದೆ. ಮನೆಗೆ ಬಂದು ಬೀರು ತೆಗೆದು ಆ ಇನ್‌ಲ್ಯಾಂಡ್ ಕಾಗದವನ್ನು ನೋಡಿದೆ. ಮಡಿಕೆಗಳಲ್ಲಿ ಸವೆದಿದೆ. ಅಂಚಿನಲ್ಲಿ ಕೊನೆಗೆ ಬರೆದ ಸಾಲು ಮಾತ್ರ ಈಗಲೂ ಓದಲು ಬರುತ್ತದೆ.